ವಾರದಲ್ಲಿ ಮಂಕಾಗುತ್ತಿದ್ದ ಜಿಎಫ್‌ಪಿ: ನನ್ನ ಅನುಭವ

ಇಲಿಯ ಟಿ ಕೋಶಗಳಿಗೆ (ರೋಗನಿರೋಧಕ ಬಿಳಿ ರಕ್ತಕಣ) ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನಿನ ಜೀನ್ ಹೊತ್ತ ವೈರಸ್ ಹಾಕಿದ ಎರಡನೇ ದಿನ ಶೇ. 70ರಷ್ಟು ಕೋಶಗಳಲ್ಲಿ ಜಿಎಫ್‌ಪಿ. ವಾರ ಕಳೆಯುವಷ್ಟರಲ್ಲಿ ಶೇ. 25. ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ಗೆಳೆಯರೆಲ್ಲ ಹೇಳಿದ್ದು ಒಂದೇ: "ನಿಮ್ಮ ಟೈಟರ್ (ವೈರಸ್ ಸಾಂದ್ರತೆ) ಕಮ್ಮಿ." ನಾನು ಒಪ್ಪಲಿಲ್ಲ. ಟೈಟರ್ ಕಮ್ಮಿ ಇದ್ದರೆ ಮೊದಲಿಂದಲೇ ಕಮ್ಮಿ ಕಾಣಬೇಕು, ಅಲ್ವಾ?

ಆದರೂ ದುಡ್ಡು ಸುರಿದೆವು. ವೈರಸ್ ತಯಾರಿಸಲು ಹೊಸ ಪ್ಲಾಟ್-ಇ ಕೋಶ, ವೈರಸ್ಸನ್ನು ಟಿ ಕೋಶದ ಹತ್ತಿರ ತರಲು ಹೊಸ ರೆಟ್ರೋನೆಕ್ಟಿನ್. ಅದರ ಪುಟ್ಟ ಬಾಟಲಿಗೇ ಆಗ 50 ಸಾವಿರ ರೂಪಾಯಿಯ ಆಸುಪಾಸು ಬಿತ್ತು. ಟಿ ಕೋಶ ಬೆಳೆಸುವ ಐಎಲ್-2 ಪ್ರೋಟೀನ್ ತರಿಸಿದ ಪೆಟ್ಟಿಗೆ ಒಮ್ಮೆ ದಾರಿಯಲ್ಲೇ ತಡವಾಗಿ, ತೆರೆದರೆ ಐಸ್ ಪೂರ್ತಿ ಖಾಲಿ. ಇಷ್ಟೆಲ್ಲ ಆಗಿ ಎರಡನೇ ದಿನದ ಅಂಕಿ 80 ದಾಟಿತು. ವಾರಕ್ಕೆ ಮತ್ತೆ ಅದೇ ಕುಸಿತ.

ಆಗ ಮೂರನೇ ದಿನ ಜಿಎಫ್‌ಪಿ ಇರುವ ಕೋಶಗಳನ್ನಷ್ಟೇ ಸಾರ್ಟ್ ಮಾಡಿ (ಬೇರ್ಪಡಿಸಿ) ಬೆಳೆಸಿದೆ. ವೈರಸ್ ಹೊಗದ ಕೋಶಗಳು ಜಾಸ್ತಿ ಬೆಳೆದು ಉಳಿದವನ್ನು ಮುಚ್ಚಿಹಾಕುತ್ತಿವೆ ಎಂಬ ವಾದ ಅಲ್ಲಿಗೆ ಮುಗಿಯಿತು, ಯಾಕೆಂದರೆ ಇವೂ ಮಂಕಾದವು. ಮಂಕಾದವುಗಳ ಡಿಎನ್‌ಎ ತೆಗೆದು ಕ್ಯೂಪಿಸಿಆರ್ (ಜೀನ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಮಾಡಿದರೆ ಜೀನ್ ಹಾಗೇ ಇದೆ! ಟಿ ಕೋಶವನ್ನು ಎಬ್ಬಿಸುವ ಸಿಡಿ3, ಸಿಡಿ28 ಆಂಟಿಬಾಡಿ ಹಚ್ಚಿದ ಪ್ಲೇಟಿಗೆ ಅವನ್ನೇ ಹಾಕಿದೆ. ಮಾರನೇ ದಿನ ಮುಕ್ಕಾಲು ಪಾಲು ಮತ್ತೆ ಹಸಿರು. ಕೋಶ ವಿಶ್ರಾಂತಿಗೆ ಇಳಿದಾಗ ಜೀನ್ ಒಯ್ಯುವ ನಮ್ಮ ವೈರಸ್ ವೆಕ್ಟರ್ ಎಂಎಸ್‌ಸಿವಿಯಲ್ಲಿ ಜೀನನ್ನು ಚಾಲೂ ಮಾಡುವ ಎಲ್‌ಟಿಆರ್ ಭಾಗ ಕೂಡ ಮಲಗುತ್ತಿತ್ತು. ಆ ಗ್ರಾಫ್ ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ.

ನಡುವೆ ಸುಮ್ನೆ ಡೆಸಿಟಾಬಿನ್ ಎಂಬ ಔಷಧ ಕೂಡ ಹಾಕಿ ನೋಡಿದೆ. ಜೀನನ್ನು ಮಲಗಿಸುವ ಡಿಎನ್‌ಎ ಮಿಥೈಲೇಷನ್ ಇಳಿದು ಹಸಿರು ಸ್ವಲ್ಪ ಏರಿತು, ಆದರೆ ಅರ್ಧ ಕೋಶ ಸತ್ತವು. ಸಿಎಂವಿ ಎಂಬ ಇನ್ನೊಂದು ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕು) ನೋಡಿದರೆ, ಅದು ಎಲ್ಲಕ್ಕಿಂತ ಬೇಗ ಬಿತ್ತು.

ಕೊನೆಗೆ ಕೈಹಿಡಿದದ್ದು ಎಲ್‌ಟಿಆರ್ ನಿಷ್ಕ್ರಿಯವಾಗಿರುವ ವೆಕ್ಟರ್, ಒಳಗೆ ಪಿಜಿಕೆ ಪ್ರಮೋಟರ್. ಎಂಎಫ್‌ಐ (ಹೊಳಪಿನ ಅಳತೆ) ಮೊದಲಿಗಿಂತ ಕಮ್ಮಿ, ಆದರೆ ನಿಲ್ಲುತ್ತದೆ. ಆಕ್ಟಿವೇಟ್ ಮಾಡಿ 48 ಗಂಟೆ ಕಾಯದೆ 24ಕ್ಕೇ ವೈರಸ್ ಜೊತೆ ಸ್ಪಿನ್ (ಸೆಂಟ್ರಿಫ್ಯೂಜ್), 32 ಡಿಗ್ರಿಯಲ್ಲಿ ಒಂದೂವರೆ ಗಂಟೆ. ಆಮೇಲೆ ಐಎಲ್-2 ಇಳಿಸಿ ಐಎಲ್-7, ಐಎಲ್-15. ಯಾವ ಪ್ರಮಾಣ, ಯಾವ ಹೊತ್ತಿಗೆ ಎಂಬುದು ಸದ್ಯ ನನ್ನಲ್ಲೇ ಇರಲಿ.

ಈಗ ಹತ್ತನೇ ದಿನವೂ ಶೇ. 60ರ ಮೇಲೆ. ಟೈಟರ್ ಎಂದವರೇ ಪ್ಲಾಸ್ಮಿಡ್ (ವೆಕ್ಟರಿನ ಡಿಎನ್‌ಎ) ಕೇಳಿ ಒಯ್ದಿದ್ದಾರೆ. ಈ ಕೋಶಗಳನ್ನು ಇಲಿಗೆ ಚುಚ್ಚುವ ಪ್ರಯೋಗಕ್ಕೆ ಮಾತ್ರ ಜಿಎಫ್‌ಪಿ ಬಿಟ್ಟು ಥೈ1.1 ಎಂಬ ಇಲಿಯದೇ ಪ್ರೋಟೀನಿನ ಗುರುತು ಹಾಕುತ್ತಿದ್ದೇನೆ. ಬಾಲ್ಬ್-ಸಿ ತಳಿಯ ಇಲಿಗಳು ಜಿಎಫ್‌ಪಿಯನ್ನು ಪರಕೀಯವೆಂದು ಗುರುತಿಸಿ ಆ ಕೋಶಗಳನ್ನೇ ಕೊಲ್ಲಬಲ್ಲವು. ಆಗ ಪ್ರಮೋಟರ್ ಮಲಗಿತೋ, ಕೋಶವೇ ಸತ್ತಿತೋ ತಿಳಿಯುವುದಿಲ್ಲ.