ಮೂರರಿಂದ ಏಳು ವರ್ಷದ ಮಕ್ಕಳಿಗೆ ಆಟದ ಮೂಲಕ ತಂತ್ರಜ್ಞಾನ ಕಲಿಸುವ ಬಗೆ

ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದ ದಿನ ಉಡುಪಿ, ಮಂಗಳೂರಿನ ಮನೆಗಳಲ್ಲಿ ಮಕ್ಕಳ ಕೈಗೆ ಮೊಬೈಲ್ ಬರುವುದು ಸಾಮಾನ್ಯ. ಆದರೆ ಒಂದರ ಹಿಂದೊಂದು ವೀಡಿಯೊ ನೋಡುತ್ತ ಕುಳಿತ ಮಗು ತಂತ್ರಜ್ಞಾನವನ್ನು ಕಲಿಯುತ್ತಿರುವುದಿಲ್ಲ. ಯಂತ್ರಕ್ಕೆ ತಾನೇ ಸೂಚನೆ ಕೊಟ್ಟು, ಅದು ಏನು ಮಾಡಿತೆಂದು ನೋಡಿ, ತಪ್ಪಿದ್ದರೆ ಆ ಸೂಚನೆಯನ್ನು ತಿದ್ದುವಾಗಲೇ ನಿಜವಾದ ಕಲಿಕೆ ನಡೆಯುವುದು. ಇದನ್ನು ಪರದೆಯಿಲ್ಲದೆ ಆರಂಭಿಸಬಹುದು, ಹಾಗೆ ಆರಂಭಿಸುವುದೇ ಮೇಲು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯೂ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಹೇಳುತ್ತದೆ.

ಮೊದಲ ಆಟಕ್ಕೆ ಚಾವಡಿಯ ನೆಲ ಮತ್ತು ಒಂದು ಸೀಮೆಸುಣ್ಣ ಸಾಕು. ಒಂದೊಂದು ಹೆಜ್ಜೆಗೆ ಒಂದರಂತೆ ಚೌಕಗಳನ್ನು ಬರೆದು, ದೂರದ ಚೌಕವೊಂದರಲ್ಲಿ ಚೆಂಡನ್ನಿಡಿ. ನೀವು ಯಂತ್ರವಾಗಿ, ಮಗು ಹೇಳಿದಷ್ಟನ್ನು ಮಾತ್ರ ಮಾಡಬೇಕು. ಮಗು ‘ತಿರುಗು’ ಎಂದಷ್ಟೇ ಹೇಳಿದರೆ ಅಲ್ಲಾಡದೆ ನಿಂತು, ‘ಯಾವ ಕಡೆಗೆ?’ ಎಂದು ಕೇಳಿ. ಸೂಚನೆ ಸ್ಪಷ್ಟವಾಗಿರಬೇಕೆಂಬುದು ಮಗುವಿಗೆ ತಿಳಿಯುವುದು ಆ ಕ್ಷಣದಲ್ಲಿಯೇ. ಮಗುವಿಗೆ ಎದುರಾಗಿ ನಿಂತರೆ ಎಡಬಲ ಅದಲುಬದಲಾಗುವುದರಿಂದ, ಆರಂಭದಲ್ಲಿ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿರುವುದು ಒಳ್ಳೆಯದು. ಅನಂತರ ನೀವು ಯಜಮಾನರಾಗಿ, ಮಗು ಯಂತ್ರವಾಗಲಿ. 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದವರಲ್ಲೊಬ್ಬರಾದ ಸೀಮೋರ್ ಪ್ಯಾಪರ್ಟ್ ಕೂಡ, ಸೂಚನೆಯಂತೆ ಚಲಿಸುವ ಪರದೆಯ ಮೇಲಿನ ಆಮೆಯನ್ನು ನಡೆಸಲು ತೊಡಕಾದಾಗ ಸ್ವತಃ ಆಮೆಯಾಗಿ ನಡೆದು ನೋಡುವ ದಾರಿಯನ್ನೇ ತೋರಿಸಿದ್ದರು.

ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಹೊರಬರುವ ಚೆನ್ನೆಮಣೆಯೂ ಇದಕ್ಕೆ ತಕ್ಕ ಸಾಧನ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳಲ್ಲಿ ನಾಲ್ಕು ನಾಲ್ಕು ಕಾಯಿಗಳನ್ನು ತುಂಬಿ, ಒಂದು ಗುಳಿಯಿಂದ ಎತ್ತಿದ್ದನ್ನು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುವ ಭಾಗವನ್ನಷ್ಟೇ ಐದು ವರ್ಷದ ಮಗುವಿಗೆ ಹೇಳಿಕೊಡಿ. ಹಾಕುವ ಮೊದಲು ‘ಕೊನೆಯ ಕಾಯಿ ಎಲ್ಲಿ ಬೀಳುತ್ತದೆ?’ ಎಂದು ಕೇಳಿ, ಮಗು ಬೆರಳಿಟ್ಟು ತೋರಿಸಿದ ಮೇಲೆ ಆಡಿಸಿ. ಮುಂದಾಗುವುದನ್ನು ಮೊದಲೇ ಊಹಿಸಿ ಅನಂತರ ಪರೀಕ್ಷಿಸುವ ಈ ರೂಢಿ ಪ್ರೋಗ್ರಾಮಿಂಗ್‌ನ ಜೀವಾಳ. ಈ ಆಟದ ಕೆಂಪು ಕಾಯಿಯಾದ ಮಂಜೊಟ್ಟಿಯ ಬದಲು ಕಪ್ಪು ಕಣ್ಣಿನ ಗುಲಗಂಜಿಯನ್ನು ಬಳಸಲೇಬೇಡಿ, ಅದು ವಿಷಕಾರಿ. ಕಾಯಿ ಯಾವುದೇ ಆಗಲಿ, ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ತಮ್ಮ ತಂಗಿಯರಿಂದ ಅದು ದೂರವಿರಲಿ.

ಪರದೆಗೆ ಬರುವಾಗ, ಐದರಿಂದ ಏಳು ವರ್ಷದವರಿಗೆಂದೇ 2014ರಲ್ಲಿ ಹೊರಬಂದ ಸ್ಕ್ರ್ಯಾಚ್ ಜೂನಿಯರ್ ಎಂಬ ಉಚಿತ ಆ್ಯಪ್ ಅನ್ನು ಟ್ಯಾಬ್‌ನಲ್ಲಿ ಹಾಕಿಕೊಡಿ. ಅದರಲ್ಲಿ ಸೂಚನೆ ಕೊಡುವ ಬ್ಲಾಕ್‌ಗಳ ಮೇಲೆ ಚಿತ್ರಗಳೇ ಇರುವುದರಿಂದ ಓದಲು ಬಾರದ ಮಗುವೂ ಅವನ್ನು ಜೋಡಿಸಬಲ್ಲದು. ಮಲ್ಪೆಯ ದೋಣಿಯೊಂದನ್ನು ಮಗು ತಾನೇ ಅದರಲ್ಲಿ ಬಿಡಿಸಲಿ. ಬಳಿಕ ಚೌಕಗಳ ಜಾಲವನ್ನು ತೆರೆದರೆ ಅಡ್ಡಕ್ಕೆ 20 ಚೌಕಗಳು ಕಾಣುತ್ತವೆ. ದಡಕ್ಕೆ ಎಷ್ಟು ಚೌಕಗಳಿವೆಯೆಂದು ಎಣಿಸಿ, ಆ ಸಂಖ್ಯೆಯನ್ನು ಬಾಣದ ಬ್ಲಾಕ್‌ನಲ್ಲಿ ಹಾಕಿ, ಅದರ ಮೊದಲಿಗೆ ಹಸಿರು ಬಾವುಟದ ಬ್ಲಾಕ್ ಜೋಡಿಸಿ, ಪರದೆಯ ಮೇಲ್ಭಾಗದ ಹಸಿರು ಬಾವುಟ ಒತ್ತಲಿ. ದೋಣಿ ನಡುನೀರಿನಲ್ಲಿ ನಿಂತರೆ ಟ್ಯಾಬ್ ಕಸಿದುಕೊಂಡು ಸರಿಪಡಿಸುವ ಆಸೆಯನ್ನು ಹಿರಿಯರು ತಡೆದುಕೊಳ್ಳಲೇಬೇಕು. ‘ಇನ್ನೆಷ್ಟು ಚೌಕ ಉಳಿಯಿತು?’ ಎಂಬ ಒಂದು ಪ್ರಶ್ನೆಯೇ ಸಾಕು. ಧ್ವನಿ ದಾಖಲಿಸುವ ಸೌಲಭ್ಯವೂ ಇದೆಯಾದ್ದರಿಂದ ದೋಣಿಯವರ ಮಾತು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ, ಮನೆಯಲ್ಲಿ ಆಡುವ ಭಾಷೆಯಲ್ಲಿಯೇ ಇರಲಿ.

ಟ್ಯಾಬ್ ಇಲ್ಲದ ಮನೆಯಲ್ಲಿ ಮೊಬೈಲಿನ ಕ್ಯಾಮೆರಾ ಸಾಕಾಗುತ್ತದೆ. ಹಿತ್ತಿಲಿನ ಎಲೆಗಳ ಚಿತ್ರ ತೆಗೆದು, ಅವುಗಳಲ್ಲಿ ಮೂರನ್ನು ಮಾತ್ರ ಉಳಿಸಿ, ಏಕೆ ಉಳಿಸಿದೆನೆಂದು ಮಗು ಹೇಳಲಿ. ಮೊಬೈಲ್ ಕೊಡುವಾಗ ಇಂಟರ್ನೆಟ್ ಆರಿಸಿ, ಒಂದೇ ಆ್ಯಪ್ ತೆರೆದಿರುವಂತೆ ಪಿನ್ ಮಾಡಿಡಿ.

ಆಟ ನಿಲ್ಲಿಸುವ ಹೊತ್ತಿಗೆ ಅಳು ಬರುವುದು ಸಹಜ. ಗಡಿಯಾರ ತೋರಿಸುವ ಬದಲು, ‘ದೋಣಿ ದಡ ಮುಟ್ಟಿದ ಮೇಲೆ ನಿಲ್ಲಿಸೋಣ’ ಎಂದು ಆರಂಭದಲ್ಲಿಯೇ ಒಪ್ಪಿಸಿಕೊಳ್ಳಿ. ಮಾಡಿದ ಕೆಲಸ ಆ್ಯಪ್‌ನಲ್ಲಿ ಉಳಿದಿರುತ್ತದೆ, ನಾಳೆ ಅಲ್ಲಿಂದಲೇ ಮುಂದುವರಿಸಬಹುದು ಎಂಬುದನ್ನೂ ಒಮ್ಮೆ ತೆರೆದು ತೋರಿಸಿಬಿಡಿ.