ವೈಫೈ ಆಕ್ಸೆಸ್ ಪಾಯಿಂಟ್ ಕೈಕೊಟ್ಟರೆ: ರೀಸೆಟ್ ಒತ್ತುವ ಮೊದಲು ನೋಡಬೇಕಾದದ್ದು

ರೂಟರ್‌ನಿಂದ ಕೇಬಲ್ಲಿನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹರಡುವ ಪೆಟ್ಟಿಗೆಯೇ ಆಕ್ಸೆಸ್ ಪಾಯಿಂಟ್. ಮನೆಯ ವೈಫೈ ನಿಂತರೆ ಹೆಚ್ಚಿನವರ ಕೈ ಮೊದಲು ಹೋಗುವುದು ಅದರ ರೀಸೆಟ್ ಗುಂಡಿಗೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಫ್ಯಾಕ್ಟರಿ ರೀಸೆಟ್ ಆದರೆ ಸೆಟ್ಟಿಂಗ್‌ಗಳ ಜೊತೆಗೆ ಲಾಗ್ (ಯಂತ್ರ ಬರೆದಿಟ್ಟುಕೊಳ್ಳುವ ದಾಖಲೆ) ಕೂಡ ಅಳಿಸಿಹೋಗುತ್ತದೆ, ದೋಷ ಎಲ್ಲಿತ್ತು ಎನ್ನುವ ಸುಳಿವು ಉಳಿಯುವುದಿಲ್ಲ. ಅದೂ ಸಾಲದೆಂಬಂತೆ, ರೀಸೆಟ್ ಆದ ಕೆಲವು ಯಂತ್ರಗಳು ಮತ್ತೆ ರೂಟರ್ ಮೋಡ್‌ಗೆ ಹೋಗಿ ತಾವೇ ಉಪಕರಣಗಳಿಗೆ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅವುಗಳ ಗುರುತಿನ ಸಂಖ್ಯೆ) ಹಂಚಲು ಶುರುಮಾಡುತ್ತವೆ. ಆಗ ಇದ್ದ ಒಂದು ತೊಂದರೆ ಎರಡಾಗುತ್ತದೆ.

ತಪ್ಪು ಯಾರದು?

ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಕೇಬಲ್ ಹಾಕಿ ನೇರವಾಗಿ ರೂಟರ್‌ಗೆ ಜೋಡಿಸಿ. ವೈಫೈ ಆಫ್ ಮಾಡದೆ ಹೋದರೆ ಇಂಟರ್ನೆಟ್ ಯಾವ ದಾರಿಯಲ್ಲಿ ಬರುತ್ತಿದೆ ಎಂದು ತಿಳಿಯದೆ ಪರೀಕ್ಷೆಯೇ ವ್ಯರ್ಥ. ಇಲ್ಲೂ ಇಂಟರ್ನೆಟ್ ಬರದಿದ್ದರೆ ಆಕ್ಸೆಸ್ ಪಾಯಿಂಟ್ ಮುಟ್ಟಬೇಡಿ, ರೂಟರ್, ಮೋಡೆಮ್ ಅಥವಾ ಹೊರಗಿನ ಲೈನ್ ನೋಡಿ. ಬಂದರೆ, ರೂಟರ್‌ನಿಂದ ಆಕ್ಸೆಸ್ ಪಾಯಿಂಟ್‌ಗೆ ಹೋಗುವ ಕೇಬಲ್ಲನ್ನು ಆಕ್ಸೆಸ್ ಪಾಯಿಂಟ್‌ನ ಕಡೆಯಿಂದ ಕಿತ್ತು, ಆ ತುದಿಯನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿ. ಇಲ್ಲಿ ಇಂಟರ್ನೆಟ್ ಬರದಿದ್ದರೆ ತಪ್ಪು ಕೇಬಲ್ಲಿನ ದಾರಿಯಲ್ಲಿದೆ, ಬಂದರೆ ಆಕ್ಸೆಸ್ ಪಾಯಿಂಟ್‌ನದು.

ಒಂದು ಎಚ್ಚರಿಕೆ: ಅದೇ ಕೇಬಲ್ಲಿನಲ್ಲಿ ವಿದ್ಯುತ್ತೂ ಹರಿಯುತ್ತಿದ್ದರೆ, ಅಂದರೆ ಪಿಒಇ ಇದ್ದರೆ, ಅದು ಯಾವ ಬಗೆಯದು ಎಂದು ಮೊದಲು ನೋಡಿ. 802.3ಎಎಫ್, 802.3ಎಟಿ ಎಂಬ ಮಾನದಂಡದ ಪಿಒಇ ಬಗೆಯವು ಎದುರಿನ ಉಪಕರಣವನ್ನು ಗುರುತಿಸಿದ ಮೇಲಷ್ಟೇ ವಿದ್ಯುತ್ ಬಿಡುತ್ತವೆ. 24 ವೋಲ್ಟ್‌ನ ಪ್ಯಾಸಿವ್ ಪಿಒಇ ಇಂಜೆಕ್ಟರ್ (ಕೇಬಲ್ಲಿಗೆ ವಿದ್ಯುತ್ ಸೇರಿಸುವ ಪೆಟ್ಟಿಗೆ) ಏನನ್ನೂ ಕೇಳುವುದಿಲ್ಲ, ಲ್ಯಾಪ್‌ಟಾಪಿನ ಪೋರ್ಟ್ ಸುಟ್ಟುಹೋಗಬಹುದು. ಅಂಥ ಕಡೆ ಇಂಜೆಕ್ಟರ್ ತೆಗೆದಿಟ್ಟು ಕೇಬಲ್ಲನ್ನಷ್ಟೇ ಪರೀಕ್ಷಿಸಿ.

ಸಂಪರ್ಕ ಪೂರ್ತಿ ಸತ್ತಿಲ್ಲ, ಆಗಾಗ ಕಡಿಯುತ್ತದೆ ಎಂದಾದರೆ ಪಿಂಗ್‌ಗಿಂತ, ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡುವ ಕಮಾಂಡ್‌ಗಿಂತ, ಒಳ್ಳೆಯ ಸಾಧನ ಇಲ್ಲ. ಈ ಸಲ ಲ್ಯಾಪ್‌ಟಾಪ್ ವೈಫೈನಲ್ಲೇ ಇರಲಿ. ಮೂರು ಕಮಾಂಡ್ ಕಿಟಕಿ ತೆರೆದು ಒಂದರಲ್ಲಿ ಆಕ್ಸೆಸ್ ಪಾಯಿಂಟ್‌ನ ವಿಳಾಸಕ್ಕೆ, ಇನ್ನೊಂದರಲ್ಲಿ ರೂಟರ್‌ಗೆ, ಮತ್ತೊಂದರಲ್ಲಿ 8.8.8.8ಕ್ಕೆ (ಇಂಟರ್ನೆಟ್ಟಿನಲ್ಲಿರುವ ಗೂಗಲ್‌ನ ಸರ್ವರ್) ಒಟ್ಟಿಗೇ ಪಿಂಗ್ ಬಿಡಿ. ವಿಂಡೋಸ್‌ನಲ್ಲಿ ಪಿಂಗ್ ನಾಲ್ಕೇ ಸಲ ಹೋಗಿ ನಿಲ್ಲುತ್ತದೆ, ಕೊನೆಗೆ ಮೈನಸ್ ಟಿ (-t) ಸೇರಿಸಿದರೆ ನೀವು ನಿಲ್ಲಿಸುವವರೆಗೂ ಓಡುತ್ತದೆ. ಸಂಪರ್ಕ ಕಡಿದಾಗ ಯಾವ ಕಿಟಕಿಗಳಲ್ಲಿ ಉತ್ತರ ನಿಂತಿತು ಎಂದು ಗಮನಿಸಿ. ಆಕ್ಸೆಸ್ ಪಾಯಿಂಟೇ ಉತ್ತರಿಸದಿದ್ದರೆ ದೋಷ ರೇಡಿಯೊದಲ್ಲಿ (ವೈಫೈ ಸಂಕೇತ ಕಳಿಸುವ ಭಾಗ) ಅಥವಾ ಯಂತ್ರದ ವಿದ್ಯುತ್ತಿನಲ್ಲಿದೆ. ಅದು ಉತ್ತರಿಸುತ್ತಾ ರೂಟರ್ ಮಾತ್ರ ಉತ್ತರಿಸದಿದ್ದರೆ ನಡುವಿನ ಕೇಬಲ್, ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಅಥವಾ ರೂಟರ್ ಕಡೆ ನೋಡಿ. ಎರಡೂ ಉತ್ತರಿಸಿ 8.8.8.8 ಮಾತ್ರ ನಿಂತರೆ ಹೊರಗಿನ ಲೈನ್. ಮೂರೂ ಸರಿಯಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಮೇಲೆ ಸಂಶಯ ಪಡಬಹುದು.

ಅಡಾಪ್ಟರ್ ಮತ್ತು ಕೇಬಲ್

ಕೆಟ್ಟಿತು ಎಂದು ಎಸೆಯುವ ಮೊದಲು ಅಡಾಪ್ಟರ್ ಬದಲಿಸಿ ನೋಡಲೇಬೇಕು. ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಬಿಸಿಗೆ ವರ್ಷಗಳು ಕಳೆದಂತೆ ಒಣಗುತ್ತವೆ. ಯಂತ್ರ ಸುಮ್ಮನಿದ್ದಾಗ ಎಲ್ಲಾ ಸರಿ, ಲೈಟೂ ಉರಿಯುತ್ತದೆ. ನಾಲ್ಕು ಜನ ವಿಡಿಯೊ ನೋಡಲು ಕೂತ ಹೊತ್ತಿಗೆ ಕರೆಂಟ್ ಸಾಲದೆ ವೋಲ್ಟೇಜ್ ಕುಸಿದು ಯಂತ್ರ ರೀಬೂಟ್ ಆಗುತ್ತದೆ. ಅಡಾಪ್ಟರನ್ನು ಬಿಡಿಯಾಗಿ ಮಲ್ಟಿಮೀಟರ್‌ನಲ್ಲಿ ಅಳೆದರೆ 12 ವೋಲ್ಟೇ ತೋರಿಸುತ್ತದೆ, ಏಕೆಂದರೆ ಆಗ ಅದರ ಮೇಲೆ ಹೊರೆಯೇ ಇಲ್ಲ. ಆ ಅಳತೆಯನ್ನು ನಂಬಿ ಅಡಾಪ್ಟರ್ ಸರಿಯಿದೆ ಎನ್ನಬೇಡಿ. ಅಡ್ಮಿನ್ ಪುಟದಲ್ಲಿ (ಬ್ರೌಸರಿನಲ್ಲಿ ಯಂತ್ರದ ವಿಳಾಸ ಕೊಟ್ಟರೆ ತೆರೆಯುವ ಸೆಟ್ಟಿಂಗ್ ಪುಟ) ಅಪ್‌ಟೈಮ್, ಅಂದರೆ ಆನ್ ಆಗಿ ಎಷ್ಟು ಹೊತ್ತಾಯಿತು ಎನ್ನುವುದನ್ನು ನೋಡುವುದು ಇನ್ನೂ ಸುಲಭ: ವಾರದಿಂದ ಯಾರೂ ಆಫ್ ಮಾಡದ ಯಂತ್ರ ನಲವತ್ತು ನಿಮಿಷದ ಅಪ್‌ಟೈಮ್ ತೋರಿಸಿದರೆ ಅದು ತಾನೇ ರೀಬೂಟ್ ಆಗಿದೆ.

ಬದಲಿ ಅಡಾಪ್ಟರ್‌ನ ವೋಲ್ಟೇಜ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಲಿ, 1 ಆಂಪಿಯರ್ ಕೇಳುವ ಯಂತ್ರಕ್ಕೆ 2 ಆಂಪಿಯರ್‌ನದು ಹಾಕಿದರೆ ಏನೂ ಆಗುವುದಿಲ್ಲ. ಪಿನ್ನಿನ ಅಳತೆ, ಪ್ಲಸ್ ಮೈನಸ್ ಯಾವ ಕಡೆ ಎನ್ನುವುದನ್ನು ಲೇಬಲ್ ನೋಡಿ ಹೊಂದಿಸಿ.

ಪಿಒಇ ಇದ್ದಲ್ಲಿ ಲೆಕ್ಕ ಬೇರೆ. 802.3ಎಎಫ್ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ಕೇಬಲ್ಲಿನ ನಷ್ಟ ಕಳೆದು ಉಪಕರಣಕ್ಕೆ ಸಿಗುವ ಖಾತರಿ 12.95 ವ್ಯಾಟ್. 802.3ಎಟಿಯಲ್ಲಿ ಇದು 30 ಮತ್ತು 25.5. ಎಟಿ ಬೇಕೆನ್ನುವ ಆಕ್ಸೆಸ್ ಪಾಯಿಂಟನ್ನು ಎಎಫ್ ಪೋರ್ಟ್‌ಗೆ ಹಾಕಿದರೆ ಕೆಲವು ಆನ್ ಆಗಿಯೂ ಒಂದು ರೇಡಿಯೊ ಮುಚ್ಚಿಕೊಂಡೋ ಶಕ್ತಿ ತಗ್ಗಿಸಿಕೊಂಡೋ ಓಡುತ್ತವೆ. ಆಗ ಬೈಗುಳ ರೇಡಿಯೊಗೆ, ತಪ್ಪು ಸ್ವಿಚ್ಚಿನದು.

ಕೇಬಲ್ ವಿಷಯದಲ್ಲಿ ಒಂದು ಅಂಕಿ ನೆನಪಿರಲಿ: ಎಷ್ಟೇ ವೇಗದ ಪ್ಲಾನ್ ಇದ್ದರೂ ಸ್ಪೀಡ್ ಟೆಸ್ಟ್ 94 ಎಂಬಿಪಿಎಸ್ ಆಸುಪಾಸಿನಲ್ಲೇ ನಿಂತರೆ ಲಿಂಕ್ 100ಕ್ಕೆ ಇಳಿದಿದೆ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಹಾಗಾಗಿ ಉಳಿದ ನಾಲ್ಕರಲ್ಲಿ ಒಂದು ತಂತಿ ಕ್ರಿಂಪಿನಲ್ಲಿ (ಕನೆಕ್ಟರಿಗೆ ಒತ್ತಿ ಕೂರಿಸಿದ ಕಡೆ) ಸಡಿಲವಾದರೂ ಕೇಬಲ್ ಸಾಯುವುದಿಲ್ಲ, ಸದ್ದಿಲ್ಲದೆ ನಿಧಾನವಾಗುತ್ತದೆ. ಎರಡೂ ತುದಿಯ ಕನೆಕ್ಟರ್ ಕತ್ತರಿಸಿ ಒಂದೇ ಬಣ್ಣಕ್ರಮದಲ್ಲಿ ಮತ್ತೆ ಕ್ರಿಂಪ್ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಯಂತ್ರವೋ ಸ್ವಿಚ್ಚೋ 100ರ ಪೋರ್ಟ್‌ನದೇ ಅಲ್ಲ ಎಂದು ಮಾತ್ರ ಮೊದಲು ಖಚಿತಪಡಿಸಿಕೊಳ್ಳಿ.

ಕನೆಕ್ಟ್ ಆಗುತ್ತದೆ, ಇಂಟರ್ನೆಟ್ ಇಲ್ಲ

ಫೋನಿನ ವೈಫೈ ವಿವರದಲ್ಲಿ ಐಪಿ ವಿಳಾಸ, ಗೇಟ್‌ವೇ (ಹೊರಗೆ ಹೋಗುವ ದಾರಿಯ ವಿಳಾಸ) ಎರಡನ್ನೂ ಓದಿ. ಲ್ಯಾಪ್‌ಟಾಪಿನಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ಸೇವೆ) ಉತ್ತರ ಸಿಕ್ಕಿಲ್ಲ, ಅಂದರೆ ರೂಟರ್‌ವರೆಗೆ ದಾರಿ ಕಡಿದಿದೆ ಅಥವಾ ಹಂಚಲು ವಿಳಾಸಗಳೇ ಉಳಿದಿಲ್ಲ. ಗೇಟ್‌ವೇ ಜಾಗದಲ್ಲಿ ರೂಟರ್ ಬದಲು ಆಕ್ಸೆಸ್ ಪಾಯಿಂಟ್‌ನ ವಿಳಾಸ ಇದ್ದರೆ ಇಬ್ಬರೂ ಡಿಎಚ್‌ಸಿಪಿ ನಡೆಸುತ್ತಿದ್ದಾರೆ. ಇದರ ಗುರುತು ವಿಚಿತ್ರ: ಒಬ್ಬರ ಫೋನ್ ನಡೆಯುತ್ತದೆ, ಪಕ್ಕದವರದು ಇಲ್ಲ; ಕಡಿದು ಮತ್ತೆ ಜೋಡಿಸಿದರೆ ಅದಲುಬದಲು. ಯಾರು ಮೊದಲು ಉತ್ತರಿಸಿದರೋ ಅವರ ವಿಳಾಸ ಫೋನಿಗೆ ಸಿಗುತ್ತದೆ, ಅಷ್ಟೇ.

ಹಳೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಮಾಡಿಕೊಂಡ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಹೀಗೆ ಸರಿಪಡಿಸಿ:

1. ಮುಖ್ಯ ರೂಟರ್‌ನಿಂದ ಬರುವ ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನು ಆಕ್ಸೆಸ್ ಪಾಯಿಂಟ್‌ಗೆ ಮಾತ್ರ ಜೋಡಿಸಿ. ಅಡ್ಮಿನ್ ಪುಟ ತೆರೆಯದಿದ್ದರೆ ಲ್ಯಾಪ್‌ಟಾಪಿಗೆ ಕೈಯಾರೆ ಅದೇ ಸರಣಿಯ ವಿಳಾಸ ಕೊಡಿ, ಯಂತ್ರ 192.168.1.1 ಆಗಿದ್ದರೆ 192.168.1.50, ಮಾಸ್ಕ್ 255.255.255.0.
2. ಯಂತ್ರದ ವಿಳಾಸವನ್ನು 192.168.1.2 ಎಂದು ಬದಲಿಸಿ. ಮುಖ್ಯ ರೂಟರ್ ಕೂಡ 192.168.1.1 ಆಗಿದ್ದರೆ ಇದು ಕಡ್ಡಾಯ. ರೂಟರ್ 192.168.0.1 ಆಗಿದ್ದರೆ 192.168.0.2 ಕೊಡಿ. ಈ ವಿಳಾಸ ರೂಟರ್ ಹಂಚುವ ಪಟ್ಟಿಯ ಹೊರಗಿರಲಿ.
3. ಡಿಎಚ್‌ಸಿಪಿ ಆಫ್ ಮಾಡಿ.
4. ಮುಖ್ಯ ರೂಟರ್‌ನ ಕೇಬಲ್ಲನ್ನು ಯಂತ್ರದ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕಿನ) ಪೋರ್ಟ್‌ಗೆ ಹಾಕಿ, ವ್ಯಾನ್‌ಗೆ (ಹೊರಗಿನ ಲೈನಿನ ಪೋರ್ಟ್‌ಗೆ) ಅಲ್ಲ. ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆಯೇ ಇದ್ದರೆ ಅದನ್ನು ಆರಿಸಿ, ಆಗ ಬಹಳಷ್ಟು ಯಂತ್ರಗಳಲ್ಲಿ ವ್ಯಾನ್ ಪೋರ್ಟೂ ನಡೆಯುತ್ತದೆ.

ಒಂದೇ ಯಂತ್ರದಿಂದ ಸ್ವಿಚ್ಚಿಗೆ ಎರಡು ಕೇಬಲ್ ಹೋಗಿದ್ದರೆ ಒಂದನ್ನು ಕೀಳಿ. ಹೀಗೆ ಸುತ್ತು (ಲೂಪ್) ಆದರೆ ಎಲ್ಲ ಲೈಟುಗಳೂ ಒಟ್ಟಿಗೆ ಹುಚ್ಚೆದ್ದು ಮಿನುಗಿ ಇಡೀ ನೆಟ್‌ವರ್ಕ್ ನಿಂತುಬಿಡುತ್ತದೆ.

ರೇಡಿಯೊ

ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿ ಡಿಬಿಎಂ, ಅಂದರೆ ಸಂಕೇತದ ಬಲ ನೋಡಿ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಮೈನಸ್ 67 ಅಥವಾ ಅದಕ್ಕಿಂತ ಬಲವಾಗಿದ್ದರೆ ವಿಡಿಯೊ ಕರೆಗೂ ಸಾಕು, ಮೈನಸ್ 80ರ ಸುತ್ತ ಎಲ್ಲವೂ ಕುಂಟುತ್ತದೆ. ಯಂತ್ರದ ಪಕ್ಕದಲ್ಲೇ ನಿಂತು ಮೈನಸ್ 70 ತೋರಿಸಿದರೆ ಆಂಟೆನಾ ಅಥವಾ ರೇಡಿಯೊ ಹೋಗಿದೆ.

2.4 ಗಿಗಾಹರ್ಟ್ಜ್‌ನಲ್ಲಿ 1, 6, 11 ಇವಿಷ್ಟೇ ಒಂದರ ಮೇಲೊಂದು ಬೀಳದ ಚಾನೆಲ್‌ಗಳು. ಅಗಲ 20 ಮೆಗಾಹರ್ಟ್ಜ್‌ಗೇ ಇರಲಿ, 40 ಇಟ್ಟರೆ ನೆರೆಯವರಿಗೂ ತೊಂದರೆ, ನಿಮಗೂ. 5 ಗಿಗಾಹರ್ಟ್ಜ್‌ನ ವೈಫೈ ಹೆಸರು ಆಗಾಗ ಮಾಯವಾಗಿ ಒಂದೆರಡು ನಿಮಿಷಕ್ಕೆ ಮರಳುತ್ತಿದ್ದರೆ ಚಾನೆಲ್ 52ರಿಂದ 144ರ ನಡುವೆ ಇದೆಯೇ ನೋಡಿ. ಅಲ್ಲಿ ರಾಡಾರ್ ಸದ್ದು ಕೇಳಿದಂತಾದರೆ ಯಂತ್ರ ಜಾಗ ಬಿಟ್ಟುಕೊಡಬೇಕು, ಹೊಸ ಚಾನೆಲ್ಲೂ ಅದೇ ಗುಂಪಿನದಾದರೆ ಕನಿಷ್ಠ 60 ಸೆಕೆಂಡು ಆಲಿಸಿ ಆಮೇಲೆ ಪ್ರಸಾರ ಮಾಡಬೇಕು. ಅದು ದೋಷವಲ್ಲ, ನಿಯಮ. 36ರಿಂದ 48ರೊಳಗಿನ ಚಾನೆಲ್‌ಗೆ ಬದಲಿಸಿ.

ಹಳೆಯ ಪ್ರಿಂಟರ್ ಅಥವಾ ಕ್ಯಾಮೆರಾ ಮಾತ್ರ ಸೇರಲು ಒಪ್ಪದಿದ್ದರೆ ಭದ್ರತೆಯನ್ನು ಡಬ್ಲ್ಯೂಪಿಎ3 ಬದಲು ಡಬ್ಲ್ಯೂಪಿಎ2 ಮತ್ತು 3ರ ಮಿಶ್ರ ಮೋಡ್‌ಗೆ ಇಳಿಸಿ. ಅದಕ್ಕೂ ಬಗ್ಗದಿದ್ದರೆ ಆ ಉಪಕರಣಕ್ಕೆಂದೇ 2.4ರಲ್ಲಿ ಬರೀ ಡಬ್ಲ್ಯೂಪಿಎ2 ಇರುವ ಬೇರೆ ಹೆಸರು ಕೊಡಬೇಕಾಗುತ್ತದೆ.

ಇಷ್ಟಾದ ಮೇಲೆ ರೀಸೆಟ್

ಮೊದಲು ಸೆಟ್ಟಿಂಗ್‌ಗಳ ಬ್ಯಾಕಪ್ ಇಳಿಸಿಕೊಳ್ಳಿ, ಫರ್ಮ್‌ವೇರ್ (ಯಂತ್ರದೊಳಗಿನ ಸಾಫ್ಟ್‌ವೇರ್) ಕಡತವನ್ನು ತಯಾರಕರ ತಾಣದಿಂದ ತಂದಿಟ್ಟುಕೊಳ್ಳಿ. ನೆಟ್‌ವರ್ಕ್ ಕೇಬಲ್ ತೆಗೆದು, ವಿದ್ಯುತ್ ಇರುವಾಗಲೇ ಗುಂಡಿಯನ್ನು ಸುಮಾರು 10 ಸೆಕೆಂಡು, ಲೈಟು ಬದಲಾಗುವವರೆಗೆ ಒತ್ತಿಹಿಡಿಯಿರಿ. ಪಿಒಇಯಿಂದಲೇ ನಡೆಯುವ ಯಂತ್ರವಾದರೆ ಕೇಬಲ್ ಇರಲಿ, ರೂಟರ್ ಕಡೆಯ ಸಂಪರ್ಕ ತೆಗೆಯಿರಿ. ಹೊಸ ಫರ್ಮ್‌ವೇರ್ ಹಾಕುವುದು ಕೇಬಲ್ ಮೂಲಕವೇ, ವೈಫೈನಲ್ಲಿ ಬೇಡ. ಹಳೆಯ ಬ್ಯಾಕಪ್ಪನ್ನು ಒಮ್ಮೆಗೇ ವಾಪಸ್ ಹಾಕಿದರೆ ದೋಷವೂ ಅದರ ಜೊತೆ ಮರಳಬಹುದು, ಅದನ್ನು ನೋಡಿಕೊಂಡು ಕೈಯಾರೆ ತುಂಬಿ.

ಇದಾದ ಮೇಲೂ ಆನ್ ಮಾಡಿದ ಬ್ಯಾಂಡ್‌ನ ಹೆಸರು ಯಾವ ಫೋನಿನಲ್ಲೂ ಕಾಣದಿದ್ದರೆ, ಅಥವಾ ಬೇರೆ ಅಡಾಪ್ಟರ್ ಹಾಕಿದರೂ ಯಂತ್ರ ಬಿಸಿಯಾದ ಕೂಡಲೇ ನಿಲ್ಲುತ್ತಿದ್ದರೆ ಒಳಗಿನ ಬೋರ್ಡೇ ಹೋಗಿದೆ. ಹೊಸದು ತಂದಾಗ ಹಳೆಯ ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರನ್ನೂ ದೊಡ್ಡಕ್ಷರ ಚಿಕ್ಕಕ್ಷರ ತಪ್ಪದಂತೆ ಹಾಗೆಯೇ ಕೊಡಿ. ಮನೆಯ ಫೋನು, ಟಿವಿಗಳನ್ನು ಒಂದೊಂದಾಗಿ ಮತ್ತೆ ಜೋಡಿಸುವ ಕೆಲಸ ತಪ್ಪುತ್ತದೆ.