ಕ್ಯಾಲಿಫೋರ್ನಿಯಾದ ‘ಪ್ರಾಪ್’ಗಳನ್ನು ಓದುವ ಬಗೆ: ಹೊಸ ಮತದಾರರಿಗೆ

ಊರಲ್ಲಿ ನಾವು ಮತ ಹಾಕುವುದು ಅಭ್ಯರ್ಥಿಗೆ. ಕಾನೂನು ಮಾಡುವುದು ಗೆದ್ದವರ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ 1911ರಿಂದ ಕಾನೂನನ್ನೇ ಮತದಾರರ ಮುಂದಿಡುವ ಪದ್ಧತಿ ಇದೆ. ಅವೇ ಪ್ರೊಪೊಸಿಷನ್‌ಗಳು, ಆಡುಮಾತಿನಲ್ಲಿ ಪ್ರಾಪ್. 2024ರ ನವೆಂಬರಿನ ಬ್ಯಾಲೆಟ್‌ನಲ್ಲಿ (ಮತಪತ್ರದಲ್ಲಿ) ಹತ್ತು ಇದ್ದವು. (ಗ್ರೀನ್ ಕಾರ್ಡಿನವರು ಮತ ಹಾಕುವಂತಿಲ್ಲ. ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಯಲ್ಲಿ ತಪ್ಪಿ ಮತದಾರರಾಗಿ ನೋಂದಣಿಯಾಗಿದ್ದರೂ ಹಾಕಬೇಡಿ, ಗಡೀಪಾರಿನವರೆಗೂ ಹೋಗಬಹುದು.)

ಪ್ರಾಪ್ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಿ. ಕೆಲವನ್ನು ಶಾಸಕಾಂಗವೇ ಕಳಿಸುತ್ತದೆ. ಉಳಿದವು ಸಹಿ ಸಂಗ್ರಹದಿಂದ ಬರುತ್ತವೆ: ಕಳೆದ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 5ರಷ್ಟು ಸಹಿ ಸಾಮಾನ್ಯ ಕಾನೂನಿಗೆ, ಶೇ. 8ರಷ್ಟು ಸಂವಿಧಾನ ತಿದ್ದುಪಡಿಗೆ. ಅಂಗಡಿ ಮುಂದೆ ಕ್ಲಿಪ್‌ಬೋರ್ಡ್ ಹಿಡಿದು ನಿಂತವರಲ್ಲಿ ಬಹಳ ಮಂದಿ ಕೂಲಿಗೆ ಸಹಿ ಮಾಡಿಸುವವರು. ಅವರ ವಿವರಣೆಯನ್ನು ನೆಚ್ಚಬೇಡಿ.

ಹೆಚ್ಚು ಜನ ಎಡವುತ್ತಿದ್ದುದು ರೆಫರೆಂಡಮ್‌ನಲ್ಲಿ. ಶಾಸಕಾಂಗ ಆಗಲೇ ಮಾಡಿದ ಕಾನೂನನ್ನು ತಡೆಯಲು ವಿರೋಧಿಗಳು ಸಹಿ ಹಾಕಿಸಿ ತಂದದ್ದು ಅದು. ಆದರೆ 2023ರಲ್ಲಿ ನಿಯಮ ಬದಲಾಗುವ ತನಕ ಬ್ಯಾಲೆಟ್ ಕೇಳುತ್ತಿದ್ದ ಪ್ರಶ್ನೆ ‘ಆ ಕಾನೂನು ಇರಲೇ?’ ಎಂದು, ಉತ್ತರ ಯೆಸ್ ಇಲ್ಲವೇ ನೋ. ಹಾಗಾಗಿ ಅದನ್ನು ಬ್ಯಾಲೆಟ್‌ಗೆ ತಂದವರೇ ‘ನೋ’ ಹಾಕಿ ಅಂತ ಪ್ರಚಾರ ಮಾಡುತ್ತಿದ್ದರು. 2020ರ ಪ್ರಾಪ್ 25 ಹೀಗೇ: ಜಾಮೀನಿಗೆ ಹಣ ಕಟ್ಟಿಸುವುದನ್ನು ರದ್ದು ಮಾಡಿದ್ದ ಕಾನೂನಿನ ಮೇಲೆ ನಡೆದ ಮತದಾನ. ‘ನೋ’ ಗೆದ್ದಿತು, ಕಾನೂನು ಬಿತ್ತು, ಹಣದ ಜಾಮೀನು ಉಳಿಯಿತು. ಈಗಿನ ನಿಯಮದಂತೆ ರಾಜ್ಯದ ರೆಫರೆಂಡಮ್‌ನಲ್ಲಿ ಯೆಸ್, ನೋ ಬದಲು ‘ಕಾನೂನು ಉಳಿಸಿ’, ‘ಕಾನೂನು ರದ್ದು ಮಾಡಿ’ ಎಂಬ ಆಯ್ಕೆಗಳಿರುತ್ತವೆ.

ಅಂಚೆಯಲ್ಲಿ ಬರುವ ಅಧಿಕೃತ ವೋಟರ್ ಗೈಡ್ ದಪ್ಪ ಇರುತ್ತದೆ. ಮೊದಲ ಪುಟದಿಂದ ಓದುತ್ತಾ ಹೋಗಬೇಕಿಲ್ಲ. ಶೀರ್ಷಿಕೆ ಬರೆಯುವುದು ಅಟಾರ್ನಿ ಜನರಲ್ ಕಚೇರಿ, ಅವರು ಪಕ್ಷದಿಂದ ಆರಿಸಿ ಬಂದವರು. ನೇರವಾಗಿ ಲೆಜಿಸ್ಲೇಟಿವ್ ಅನಲಿಸ್ಟ್ ಬರೆದ ವಿಶ್ಲೇಷಣೆಗೆ ಹೋಗಿ. ಆ ಕಚೇರಿ ಪಕ್ಷಾತೀತ. ಈಗಿನ ಸ್ಥಿತಿ ಏನು, ಏನು ಬದಲಾಗುತ್ತದೆ, ಖರ್ಚೆಷ್ಟು ಎಂದು ಅದೇ ಕ್ರಮದಲ್ಲಿ ಹೇಳುತ್ತದೆ. ಪರ-ವಿರೋಧ ವಾದಗಳು ಕೊನೆಗಿರಲಿ. ಪೂರ್ಣ ಪಠ್ಯದಲ್ಲಿ ಓರೆ ಅಕ್ಷರ ಎಂದರೆ ಸೇರಿಸುವುದು, ಹೊಡೆದುಹಾಕಿದ್ದು ಎಂದರೆ ತೆಗೆಯುವುದು. ತಿದ್ದುಪಡಿಯ ಷರತ್ತನ್ನು ತಪ್ಪದೆ ಹುಡುಕಿ, ಏಕೆಂದರೆ ಸಹಿಯಿಂದ ಬಂದ ಕಾನೂನನ್ನು ಅದೇ ಅವಕಾಶ ಕೊಡದ ಹೊರತು ಶಾಸಕಾಂಗ ತಾನಾಗಿ ತಿದ್ದುವಂತಿಲ್ಲ. ಉಬರ್, ಲಿಫ್ಟ್ ಚಾಲಕರ ಕುರಿತ 2020ರ ಪ್ರಾಪ್ 22 ತಿದ್ದುಪಡಿಗೆ ಎಂಟರಲ್ಲಿ ಏಳು ಭಾಗ ಬಹುಮತ ಕೇಳಿತ್ತು!

ಬಾಂಡ್ ಎಂದರೆ ಸಾಲ. ರಾಜ್ಯದ ಬಾಂಡನ್ನು ಸಾಮಾನ್ಯವಾಗಿ ರಾಜ್ಯದ ಬೊಕ್ಕಸವೇ ಬಡ್ಡಿ ಸಮೇತ ತೀರಿಸುತ್ತದೆ. ನಿಮ್ಮ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿಗೆ ಬಂದು ಕೂರುವುದು ಸ್ಥಳೀಯ ಶಾಲಾ ಬಾಂಡ್. ಸ್ಥಳೀಯವುಗಳಿಗೆ ‘ಮೆಷರ್’ ಎಂದು ಅಕ್ಷರದ ಹೆಸರು ಇರುತ್ತದೆ, ವಿವರ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಗೈಡಿನಲ್ಲಿ.

ಯಾರಿಗೆ, ಯಾವುದಕ್ಕೆ ಮತ ಹಾಕಬೇಕೆಂದು ಪಟ್ಟಿ ಕೊಟ್ಟು ಅಂಚೆಪೆಟ್ಟಿಗೆ ತುಂಬುವ ಬಣ್ಣದ ಕಾರ್ಡುಗಳು ಪಕ್ಷದ್ದೇ ಎನ್ನುವಂತೆ ಕಾಣುತ್ತವೆ. ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ದರೆ ಆ ಜಾಗಕ್ಕೆ ಯಾರೋ ದುಡ್ಡು ಕೊಟ್ಟಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಇದಕ್ಕೆ ಯೆಸ್, ಅದಕ್ಕೆ ನೋ’ ಪಟ್ಟಿಯ ವರ್ಷ ನೋಡಿ. ಸಂಖ್ಯೆಗಳು ಹತ್ತು ವರ್ಷಕ್ಕೊಮ್ಮೆ ಮತ್ತೆ 1ರಿಂದ ಶುರುವಾಗುತ್ತವೆ: 2008ರ ಪ್ರಾಪ್ 8 ಮದುವೆಯದು, 2018ರ ಪ್ರಾಪ್ 8 ಡಯಾಲಿಸಿಸ್‌ನದು.

ಅರ್ಥವಾಗದ ಪ್ರಾಪನ್ನು ಖಾಲಿ ಬಿಡಬಹುದು, ಉಳಿದ ಮತಗಳು ಎಣಿಕೆಯಾಗುತ್ತವೆ. ಗೈಡ್ ಹಿಂದಿಯಲ್ಲಿ ಸಿಗುತ್ತದೆ, ಕನ್ನಡದಲ್ಲಿಲ್ಲ. ಇಂಗ್ಲಿಷ್ ಬಾರದ ಅಪ್ಪ ಅಮ್ಮ ಮತಗಟ್ಟೆಗೆ ನೆರವಿಗೆ ಇಬ್ಬರನ್ನು ಕರೆದೊಯ್ಯಬಹುದು. ಅಂಚೆ ಮತವಾದರೆ ಲಕೋಟೆಯ ಮೇಲಿನ ಸಹಿ ದಾಖಲೆಯಲ್ಲಿರುವುದಕ್ಕೆ ಹೊಂದಬೇಕು. ನೋಂದಣಿಯಲ್ಲಿ ಕನ್ನಡದಲ್ಲಿ ಸಹಿ ಹಾಕಿದ್ದರೆ ಇಲ್ಲೂ ಕನ್ನಡದಲ್ಲೇ ಹಾಕಿ. ಹೊಂದದಿದ್ದರೆ ಕೌಂಟಿಯಿಂದ ಪತ್ರ ಬರುತ್ತದೆ. ಅದರ ಜೊತೆಗಿರುವ ಫಾರ್ಮಿಗೆ ಸಹಿ ಹಾಕಿ ಗಡುವಿನೊಳಗೆ ಮರಳಿಸಿದರೆ ಮತ ಎಣಿಕೆಗೆ ಸೇರುತ್ತದೆ.